ಮೂಲ ನಟ ತೆರಳಿದ ಮೇಲೆ ಪಾತ್ರ ಉಳಿಯುವುದು ಹೇಗೆ? ಕ್ವಾಟರ್‌ಮಾಸ್ ಮತ್ತು ಮೊದಲ ‘ಡಾಕ್ಟರ್ ಹೂ’ ಕುರಿತು

ಕಪ್ಪುಬಿಳುಪು:

ಎಲ್ಲರಿಗೂ ನಮಸ್ಕಾರ. ಕಳೆದ ಎರಡು ತಿಂಗಳಿಂದ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಕಂತಿನಂತೆ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಮೊದಲ ಸರಣಿಯನ್ನು, ಅಂದರೆ 1963ರ ನವೆಂಬರ್ 23ರಿಂದ 1964ರ ಸೆಪ್ಟೆಂಬರ್ 12ರವರೆಗೆ ಪ್ರಸಾರವಾದ 42 ಕಂತುಗಳಲ್ಲಿ ಇಂದಿಗೆ ಉಳಿದಿರುವಷ್ಟನ್ನು, ನೋಡಿ ಮುಗಿಸಿದೆ. ಕಾಲದಲ್ಲೂ ಬಾಹ್ಯಾಕಾಶದಲ್ಲೂ ಸಂಚರಿಸುವ ‘ಡಾಕ್ಟರ್’ ಎಂಬ ನಿಗೂಢ ವ್ಯಕ್ತಿಯ ಕಥೆ ಅದು; ಆ ಪಾತ್ರವನ್ನು ಒಬ್ಬರ ನಂತರ ಒಬ್ಬರು ಹಲವು ನಟರು ಮಾಡಿದ್ದಾರೆ. 2005ರ ನಂತರದ ಡಾಕ್ಟರ್‌ಗಳನ್ನಷ್ಟೇ ಕಂಡಿದ್ದ ನನಗೆ ವಿಲಿಯಂ ಹಾರ್ಟ್‌ನೆಲ್ ಅವರ ಮೊದಲ ಡಾಕ್ಟರ್ ಯಾರೋ ಅಪರಿಚಿತನಂತೆ ಕಂಡ. ಸಿಡುಕು, ಗುಟ್ಟು, ಸಮಯಕ್ಕೊಂದು ಸುಳ್ಳು, ಮೊಮ್ಮಗಳೊಬ್ಬಳನ್ನು ಬಿಟ್ಟರೆ ಉಳಿದವರ ಬಗ್ಗೆ ತಾತ್ಸಾರ. ಇಂತಹ ಮುದುಕನನ್ನು ಮನೆಮಂದಿಯೆಲ್ಲ ಕೂತು ನೋಡುವ ಶನಿವಾರ ಸಂಜೆಯ ಕಾರ್ಯಕ್ರಮದ ನಡುವೆ ನಿಲ್ಲಿಸಿದವರ ಧೈರ್ಯವನ್ನು ಮೆಚ್ಚಬೇಕು.

ಇದರ ಬೆನ್ನಿಗೇ, ಅದಕ್ಕಿಂತ ಹತ್ತು ವರ್ಷ ಹಿಂದಿನ, ಪ್ರೊಫೆಸರ್ ಕ್ವಾಟರ್‌ಮಾಸ್ ಎಂಬ ರಾಕೆಟ್ ವಿಜ್ಞಾನಿಯ ಕಥೆಯಾದ ‘ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಧಾರಾವಾಹಿಯಲ್ಲಿ ಉಳಿದಿರುವ ಎರಡು ಕಂತುಗಳನ್ನೂ ನೋಡಿದೆ. ಆಗ ಹುಟ್ಟಿದ ಪ್ರಶ್ನೆ ಇದು. ಎರಡೂ ತಮ್ಮ ಮುಖ್ಯ ನಟರನ್ನು ಕಳೆದುಕೊಂಡವು. 1955ರಲ್ಲಿ ಕ್ವಾಟರ್‌ಮಾಸ್ ಪಾತ್ರಕ್ಕೆ ಬೇರೊಬ್ಬರು ಬಂದಾಗ ಕಥೆಯೊಳಗೆ ಆ ಬಗ್ಗೆ ಒಂದು ಮಾತೂ ಇಲ್ಲ. 1966ರಲ್ಲಿ ಡಾಕ್ಟರ್ ಪಾತ್ರಕ್ಕೆ ಬೇರೊಬ್ಬರು ಬಂದಾಗ ಮಾತ್ರ ಆ ಬದಲಾವಣೆಯೇ ಕಥೆಯಾಯಿತು. ಇಷ್ಟು ದಶಕಗಳ ಕಾಲ ಆ ಧಾರಾವಾಹಿ ಬದುಕಿರುವುದೂ ಅದರಿಂದಲೇ. ಹೀಗೇಕಾಯಿತು? ಮೂಲ ನಟವರ್ಗ ಮಾಡಿಟ್ಟುಹೋದ ಕೆಲಸಕ್ಕೂ ಈ ವ್ಯತ್ಯಾಸಕ್ಕೂ ಏನಾದರೂ ಸಂಬಂಧವಿದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು. ಯಾರಿಗೆ ಯಾವ ಡಾಕ್ಟರ್ ಇಷ್ಟ ಎಂಬ ಪಟ್ಟಿ ಮಾತ್ರ ಬೇಡ.

ಬೆಟ್ಟದ ಕಂಬ:

ನಾನಿರುವುದು ಉತ್ತರ ಲಂಡನ್ನಿನಲ್ಲಿ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಅಲೆಕ್ಸಾಂಡ್ರಾ ಪ್ಯಾಲೇಸ್‌ನ ಪ್ರಸಾರದ ಕಂಬ ಕಾಣುತ್ತದೆ. ಆದ್ದರಿಂದ ಕ್ವಾಟರ್‌ಮಾಸ್‌ನ ಪಾಲು ನನಗಿರಲಿ.

ಬ್ರಿಟಿಷ್ ಟೆಲಿವಿಷನ್ನಿನ ವೈಜ್ಞಾನಿಕ ಕಥನಕ್ಕೆ ಆ ಬೆಟ್ಟದ ಮೇಲಿನ ಕಟ್ಟಡವೇ ತವರು. ‘ರೋಬೋಟ್’ ಎಂಬ ಪದವನ್ನು ಜಗತ್ತಿಗೆ ಕೊಟ್ಟ ಕಾರೆಲ್ ಚಾಪೆಕ್ ಅವರ ನಾಟಕದ ಮೂವತ್ತೈದು ನಿಮಿಷಗಳ ಭಾಗವೊಂದನ್ನು 1938ರ ಫೆಬ್ರವರಿ 11ರಂದು ಅಲ್ಲಿಂದಲೇ ಪ್ರಸಾರ ಮಾಡಿದರು. ಆದರೆ ಊರಿಗೆ ಊರೇ ಪೆಟ್ಟಿಗೆಯ ಮುಂದೆ ಕೂತದ್ದು 1953ರ ಜುಲೈ 18ರಿಂದ ಆಗಸ್ಟ್ 22ರವರೆಗೆ, ಆರು ಶನಿವಾರ ರಾತ್ರಿ ನೇರಪ್ರಸಾರವಾದ ಕ್ವಾಟರ್‌ಮಾಸ್‌ಗೆ. ಬರೆದವರು ನೈಜೆಲ್ ನೀಲ್, ನಿರ್ದೇಶಿಸಿದವರು ವಿಯೆನ್ನಾದಿಂದ ಬಂದಿದ್ದ ರುಡಾಲ್ಫ್ ಕಾರ್ಟಿಯರ್. ಪ್ರೊಫೆಸರನ ಅಡ್ಡಹೆಸರನ್ನು ನೀಲ್ ಲಂಡನ್ನಿನ ಟೆಲಿಫೋನ್ ಡೈರೆಕ್ಟರಿಯಿಂದ ಹೆಕ್ಕಿದರು. ಬರ್ನಾರ್ಡ್ ಎಂಬುದು ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದ ಖಗೋಳ ವಿಜ್ಞಾನಿ ಬರ್ನಾರ್ಡ್ ಲವೆಲ್ ಅವರಿಂದ ಬಂದದ್ದು.

ಕಥೆ ಸರಳ. ಮೂವರು ರಾಕೆಟ್ಟಿನಲ್ಲಿ ಹೋಗುತ್ತಾರೆ, ಇಳಿದಾಗ ಒಳಗಿರುವುದು ಒಬ್ಬನೇ. ಉಳಿದಿಬ್ಬರು ಅವನೊಳಗೇ ಕರಗಿದ್ದಾರೆ, ಅವನೋ ದಿನದಿಂದ ದಿನಕ್ಕೆ ಗಿಡದಂತಹ ಇನ್ನೊಂದು ಜೀವವಾಗಿ ಮಾರ್ಪಡುತ್ತಿದ್ದಾನೆ. ಕೊನೆಯ ಕಂತಿನಲ್ಲಿ ಆ ಜೀವ ವೆಸ್ಟ್‌ಮಿನ್‌ಸ್ಟರ್ ಅಬೆಯ ಗೋಡೆಗೆ ಹಬ್ಬಿಕೊಂಡಿರುತ್ತದೆ. ಅದೇ ಜೂನ್ 2ರಂದು ಇದೇ ಅಬೆಯಲ್ಲಿ ರಾಣಿಯ ಪಟ್ಟಾಭಿಷೇಕವನ್ನು ದೇಶವೆಲ್ಲ ಟಿವಿಯಲ್ಲಿ ಕಂಡು ಮೂರು ತಿಂಗಳೂ ಆಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ನೋಡುಗರ ಕಣ್ಣಲ್ಲಿ ಆ ಕಮಾನುಗಳು ಇನ್ನೂ ಹಸಿಯಾಗಿದ್ದವು.

ಆ ಭೀಕರ ಜೀವಿ ಎಂದರೇನು? ಅಬೆಯ ಒಳಭಾಗದ ಒಂದು ದೊಡ್ಡ ಫೋಟೊ, ಅದರಲ್ಲಿ ಕೊರೆದ ತೂತು, ತೂತಿನಿಂದ ಈಚೆ ಬಂದು ಅಲುಗಾಡುವ, ಸೊಪ್ಪು ಅಂಟಿಸಿದ ಕೈಗವಸು. ಗವಸಿನೊಳಗಿದ್ದದ್ದು ಸ್ವತಃ ಲೇಖಕರ ಕೈ; ಅದನ್ನು ತಯಾರಿಸಲು ನೆರವಾದವರು ಮುಂದೆ ಅವರ ಪತ್ನಿಯಾದ ಜೂಡಿತ್ ಕೆರ್, ಮಕ್ಕಳ ಪುಸ್ತಕಗಳಿಂದ ಹೆಸರಾದವರು. ಆ ಗವಸನ್ನು ಕೊಂದದ್ದು ಬಂದೂಕಲ್ಲ. ಕ್ವಾಟರ್‌ಮಾಸ್ ಪಾತ್ರಧಾರಿ ರೆಜಿನಾಲ್ಡ್ ಟೇಟ್ ಅದರ ಎದುರು ನಿಂತು, ಒಳಗೆ ಇನ್ನೂ ಉಳಿದಿರಬಹುದಾದ ಮೂವರು ಮನುಷ್ಯರನ್ನು ಕರೆದು ಮಾತಾಡಿ, ಅವರೇ ತಮ್ಮೊಳಗಿನದನ್ನು ಎದುರಿಸುವಂತೆ ಮಾಡುತ್ತಾರೆ. ಅಂದರೆ ಇಡೀ ಆರು ವಾರಗಳ ಕಟ್ಟಡ ಕೊನೆಗೆ ನಿಂತದ್ದು ಒಬ್ಬ ನಟನ ಕಂಠದ ಮೇಲೆ, ಅದೂ ನೇರಪ್ರಸಾರದಲ್ಲಿ. ಆ ಕಂತು ಇಂದು ಇಲ್ಲ. ಮೊದಲ ಎರಡನ್ನು ಮಾತ್ರ ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಚಿತ್ರಿಸಿಕೊಂಡಿದ್ದರು. ಎರಡನೆಯದರಲ್ಲಿ ಆ ಪರದೆಯ ಮೇಲೆ ಕೂತ ಹುಳುವೊಂದು ದೃಶ್ಯದ ನಡುವೆ ಹರಿದಾಡುವುದು ಈಗಲೂ ಕಾಣುತ್ತದೆ. ಉಳಿದ ನಾಲ್ಕನ್ನು ಚಿತ್ರಿಸಲೇ ಇಲ್ಲ.

ಎರಡನೆಯ ಧಾರಾವಾಹಿಯ ಕೆಲಸ ಶುರುವಾಗಬೇಕೆನ್ನುವಾಗ, 1955ರ ಆಗಸ್ಟ್‌ನಲ್ಲಿ, ಟೇಟ್ ಹೃದಯಾಘಾತದಿಂದ ತೀರಿಕೊಂಡರು. ತರಾತುರಿಯಲ್ಲಿ ಜಾನ್ ರಾಬಿನ್‌ಸನ್ ಅವರನ್ನು ತಂದರು. 1958ರ ಕೊನೆಗೆ ಬಂದ ಮೂರನೆಯದರಲ್ಲಿ ಆಂಡ್ರೆ ಮೊರೆಲ್. ಮೂವರದೂ ಒಂದೇ ಹೆಸರು, ಮೂರು ಮುಖ. ಮೊರೆಲ್ ಅತ್ಯುತ್ತಮರೆಂಬುದು ಹಲವರ ಅಭಿಪ್ರಾಯ, ನನ್ನದೂ ಹೌದು. ಆದರೂ ಟೇಟ್ ಅವರ ದಣಿದ, ತಪ್ಪಿತಸ್ಥ ಭಾವದ ಪ್ರೊಫೆಸರ್ ಅವರೊಂದಿಗೇ ಹೋದ.

ರಂಗದ ಹಿಂದೆ:

ಬೆಟ್ಟದ ಕಂಬ ಅವರು ಬರೆದುದಕ್ಕೆ ಹವ್ಯಾಸಿ ನಾಟಕದವನಾಗಿ ಒಂದೆರಡು ಮಾತು ಸೇರಿಸುತ್ತೇನೆ.

ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಒಂದೇ ಪಾತ್ರವನ್ನು ಮೊದಲರ್ಧ ಒಬ್ಬರು, ಉತ್ತರಾರ್ಧ ಇನ್ನೊಬ್ಬರು ಮಾಡಿದರೆ ನಮ್ಮಲ್ಲಿ ಯಾರೂ ಏಕೆಂದು ಕೇಳುವುದಿಲ್ಲ. ವೇಷ ನಡೆದರೆ ಪಾತ್ರ ನಡೆದಂತೆ. ಟಿವಿಯಲ್ಲಿ ಆ ಸೌಲಭ್ಯ ಇಲ್ಲ. ಹದಿನೇಳು ಅಂಗುಲದ ಪೆಟ್ಟಿಗೆಯಲ್ಲಿ ಮುಖವೇ ವೇಷ. 1963ರ ಲೈಮ್ ಗ್ರೋವ್ ಸ್ಟುಡಿಯೊ ಹಳೆಯ ಕಾಲದ್ದು, ಕ್ಯಾಮೆರಾಗಳು ಭಾರ, ಜಾಗ ಇಕ್ಕಟ್ಟು; ಹಾಗಾಗಿ ನಿರ್ದೇಶಕರು ಮತ್ತೆ ಮತ್ತೆ ಮುಖದ ಹತ್ತಿರಕ್ಕೇ ಹೋಗಬೇಕಾಯಿತು. ಬಡತನ ಮುಖವನ್ನು ದೊಡ್ಡದು ಮಾಡಿತು.

ಡಾಕ್ಟರ್ ಹೂ ನೇರಪ್ರಸಾರವಲ್ಲ, ಆದರೆ ಕೆಲಸದ ಕ್ರಮ ಹೆಚ್ಚುಕಡಿಮೆ ಅದೇ. ಸೋಮವಾರದಿಂದ ಗುರುವಾರದವರೆಗೆ ತಾಲೀಮು, ಶುಕ್ರವಾರ ಕ್ಯಾಮೆರಾಗಳೊಂದಿಗೆ ತಾಲೀಮು, ಅಂದೇ ಸಂಜೆ ಇಪ್ಪತ್ತೈದು ನಿಮಿಷಗಳ ಕಂತನ್ನು ಆದಷ್ಟೂ ಒಂದೇ ಓಟದಲ್ಲಿ ವಿಡಿಯೊ ಟೇಪಿಗೆ ಇಳಿಸುವುದು. ಟೇಪನ್ನು ಕತ್ತರಿಸಿ ಅಂಟಿಸಬೇಕಾಗಿದ್ದರಿಂದ ಸಣ್ಣಪುಟ್ಟ ತಪ್ಪಿಗೆಲ್ಲ ಮತ್ತೆ ಮಾಡುವ ಪ್ರಶ್ನೆಯೇ ಇರಲಿಲ್ಲ. ವರ್ಷದ ನಲವತ್ತಕ್ಕೂ ಹೆಚ್ಚು ವಾರ ಹೀಗೆ. ನಮ್ಮ ತಂಡ ವರ್ಷಕ್ಕೆ ಎರಡು ನಾಟಕ ಆಡಿಯೇ ಸುಸ್ತಾಗುತ್ತದೆ.

ಈ ಹಿನ್ನೆಲೆಯಲ್ಲಿ ಹಾರ್ಟ್‌ನೆಲ್ ಅವರ ಮಾತಿನ ತಪ್ಪುಗಳನ್ನು ನೋಡಬೇಕು. ‘ಡ್ರಗ್ಸ್’ ಎನ್ನಬೇಕಾದಲ್ಲಿ ‘ಗ್ಲವ್ಸ್’ ಎಂದು ತಡವರಿಸುತ್ತಾರೆ. 1965ರ ‘ದಿ ಚೇಸ್’ ಕಥೆಯಲ್ಲಿ ಸುಟ್ಟ ಕೆಂಡಗಳಾಗಿ ತೇಲಾಡುತ್ತೀರಿ ಎಂದು ಬೆದರಿಸುವಾಗ ‘ಸ್ಪೇಸ್’ ಬದಲು ‘ಸ್ಪೇನ್’ ಬಂದು, ತಕ್ಷಣ ತಿದ್ದಿಕೊಳ್ಳುತ್ತಾರೆ. ನಕ್ಕುಬಿಡುವುದು ಸುಲಭ. ಆದರೆ ಅವರು ಎಲ್ಲಿಯೂ ಪಾತ್ರದಿಂದ ಹೊರಗೆ ಬೀಳುವುದಿಲ್ಲ. ಬೆರಳು ಕೋಟಿನ ಅಂಚಿಗೆ ಹೋಗುತ್ತದೆ, ‘ಹ್ಮ್?’ ಎಂಬ ಹೂಂಕಾರ ಬರುತ್ತದೆ, ಎದುರಿನವನೇ ಏನೋ ತಪ್ಪಾಗಿ ಕೇಳಿಸಿಕೊಂಡನೇನೋ ಎಂಬಂತೆ ದುರುಗುಟ್ಟುತ್ತಾರೆ. ಜೊತೆಗಾರ ಇಯಾನ್ ಚೆಸ್ಟರ್ಟನ್‌ನನ್ನು ಚೆಸ್ಟರ್‌ಫೀಲ್ಡ್ ಎಂದೋ ಇನ್ನೇನೋ ಎಂದೋ ಕರೆಯುವುದು ಬೇಕೆಂದೇ ಮಾಡಿದ್ದು. ಮರೆವು ಯಾವುದು, ನಟನೆ ಯಾವುದು ಎಂದು ಬಿಡಿಸಲಾಗದಂತೆ ಹೆಣೆದದ್ದು ಅವರ ಕಸುಬುದಾರಿಕೆ.

ಕಪ್ಪುಬಿಳುಪು:

ಇಬ್ಬರಿಗೂ ಧನ್ಯವಾದ. ಒಂದು ಅನುಮಾನ. ನಾವು ಹಾರ್ಟ್‌ನೆಲ್ ಅವರ ಬಗ್ಗೆಯೇ ಮಾತಾಡುತ್ತಿದ್ದೇವೆ. ಮೊದಲ ವರ್ಷ ನೋಡುವಾಗ ನನ್ನ ಕಣ್ಣು ಹೆಚ್ಚಾಗಿ ನೆಟ್ಟದ್ದು ಇಬ್ಬರು ಮೇಷ್ಟರ ಮೇಲೆ. ಅದರಲ್ಲೂ ಬಾರ್ಬರಾ ಮೇಡಂ ಮೇಲೆ. ನನಗೊಬ್ಬನಿಗೇ ಹಾಗೆನ್ನಿಸಿತೇ?

ತುಂಗಾತೀರ:

ನಿಮಗೊಬ್ಬರಿಗೇ ಅಲ್ಲ. ಮೊದಲ ಕಂತನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ, ಅದರ ನಿರೂಪಣೆ ಯಾರ ಕಡೆಗಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಂಜಿನ ರಾತ್ರಿ, ಪೊಲೀಸನೊಬ್ಬನ ಟಾರ್ಚು, ಗುಜರಿ ಅಂಗಳದ ಬಾಗಿಲು, ಒಳಗೆ ಗುಂಯ್‌ಗುಡುವ ಒಂದು ನೀಲಿ ಪೊಲೀಸ್ ಪೆಟ್ಟಿಗೆ, ಅಂದರೆ ಪೊಲೀಸರನ್ನು ಕರೆಯಲು ಬೀದಿಯಲ್ಲಿ ಇಡುತ್ತಿದ್ದ ಫೋನ್ ಗೂಡು. ಡಾಕ್ಟರನ ನೌಕೆಯೇ ಅದು. ನೀಲಿ ಎಂಬುದು ನಮಗೆ ಗೊತ್ತಿರುವುದರಿಂದ ಹೇಳಿದೆ, ಪರದೆಯ ಮೇಲೆ ಎಲ್ಲವೂ ಬೂದು. ಅಲ್ಲಿಂದ ಕಥೆ ಹೋಗುವುದು ಕೋಲ್ ಹಿಲ್ ಶಾಲೆಗೆ. ಚರಿತ್ರೆಯ ಟೀಚರ್ ಬಾರ್ಬರಾ ರೈಟ್ ಆಗಿ ಜಾಕ್ವೆಲಿನ್ ಹಿಲ್, ವಿಜ್ಞಾನದ ಮೇಷ್ಟರು ಇಯಾನ್ ಆಗಿ ವಿಲಿಯಂ ರಸೆಲ್. ರಸೆಲ್ ಆಗಲೇ ಮನೆಮಾತಾಗಿದ್ದ ನಟ. 1956ರಲ್ಲಿ ಶುರುವಾದ ಧಾರಾವಾಹಿಯೊಂದರಲ್ಲಿ ಸರ್ ಲ್ಯಾನ್ಸ್‌ಲಾಟ್ ಆಗಿ ಕುದುರೆ ಏರಿದ್ದವರು. ಇಬ್ಬರೂ ಸ್ಟಾಫ್ ರೂಮಿನಲ್ಲಿ ಒಬ್ಬ ವಿಚಿತ್ರ ಹುಡುಗಿಯ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಆ ಸೂಸನ್ ಪಾತ್ರದ ಕ್ಯಾರೊಲ್ ಆನ್ ಫೋರ್ಡ್ ಅವರಿಗೆ ಆಗ 23 ವರ್ಷ, ಪಾತ್ರಕ್ಕೆ 15. ಅಪಾರ ವಿಜ್ಞಾನ ಬಲ್ಲ ಹುಡುಗಿಗೆ ಒಂದು ಪೌಂಡಿಗೆ ಎಷ್ಟು ಷಿಲಿಂಗ್ ಎಂಬುದು ಗೊತ್ತಿಲ್ಲ. ದಶಮಾಂಶ ಪದ್ಧತಿ ಇನ್ನೂ ಬಂದಿಲ್ಲವೆಂಬುದನ್ನು ಮರೆತೆ ಎನ್ನುತ್ತಾಳೆ. ಬ್ರಿಟನ್ನಿಗೆ ದಶಮಾಂಶ ನಾಣ್ಯ ಬಂದದ್ದು 1971ರಲ್ಲಿ!

ಅವಳ ಹಿಂದೆ ಬಿದ್ದ ಮೇಷ್ಟರಿಬ್ಬರು ಕಾರಿನಲ್ಲಿ ಕೂತು ಕಾಯುತ್ತಾರೆ. ಕಂತು ಅರ್ಧ ಮುಗಿಯುತ್ತ ಬಂದರೂ ಡಾಕ್ಟರ್ ಬಂದಿಲ್ಲ. ಕೆಮ್ಮುತ್ತ ಬರುವ ಮುದುಕನನ್ನು ನಾವು ಕಾಣುವುದು ಅವರ ಕಣ್ಣಿನಿಂದ, ಮಗುವೊಂದನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿರಬಹುದಾದ ಅಪರಾಧಿಯಂತೆ. ಪೆಟ್ಟಿಗೆಯೊಳಗೆ ನುಗ್ಗುವವಳು ಬಾರ್ಬರಾ. ಕತ್ತಲೆಯ ಗುಜರಿಯಿಂದ ಬೆಳ್ಳಗೆ ಹೊಳೆಯುವ ವಿಶಾಲ ಕೋಣೆಗೆ ಕಾಲಿಟ್ಟಾಗ ಜಾಕ್ವೆಲಿನ್ ಹಿಲ್ ಕಿರುಚುವುದಿಲ್ಲ, ಸುಮ್ಮನೆ ನಿಂತು ನೋಡುತ್ತಾರೆ. ಆ ಕ್ಷಣದ ಬೆರಗೆಲ್ಲ ಅಲ್ಲೇ ಇದೆ.

ಮುಂದೆ ಶಿಲಾಯುಗದಲ್ಲಿ, ಮೂರನೆಯ ಕಂತು ‘ದಿ ಫಾರೆಸ್ಟ್ ಆಫ್ ಫಿಯರ್’. ಓಡಿಹೋಗುತ್ತಿರುವಾಗ ಅಡ್ಡ ಬಿದ್ದಿರುವ ಗಾಯಾಳು ಗುಹಾವಾಸಿಯನ್ನು ಬಾರ್ಬರಾ ಉಪಚರಿಸುತ್ತಾಳೆ. ಡಾಕ್ಟರ್ ಮೆಲ್ಲಗೆ ಒಂದು ಚೂಪುಗಲ್ಲು ಎತ್ತಿಕೊಳ್ಳುತ್ತಾನೆ. ಇಯಾನ್ ಕೈ ಹಿಡಿದು ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ, ದಾರಿಯ ನಕ್ಷೆ ಬರೆಸೋಣವೆಂದು ಎತ್ತಿಕೊಂಡೆ ಎಂಬ ಉತ್ತರ. ಹಾರ್ಟ್‌ನೆಲ್ ಆ ಸುಳ್ಳನ್ನು ಎಷ್ಟು ಸಲೀಸಾಗಿ ಹೇಳುತ್ತಾರೆಂದರೆ ಒಂದು ಗಳಿಗೆ ನಾವೂ ನಂಬಬೇಕೆನ್ನುತ್ತೇವೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಹೊಸಬರು ಹಾರಿಸಿಬಿಡುವ ‘ದಿ ಎಡ್ಜ್ ಆಫ್ ಡಿಸ್ಟ್ರಕ್ಷನ್’. ಎರಡೇ ಕಂತು, ನಾಲ್ವರೇ ನಟರು, ಪೆಟ್ಟಿಗೆಯ ಒಳಾಂಗಣ ಬಿಟ್ಟರೆ ಬೇರೆ ಸೆಟ್ಟೇ ಇಲ್ಲ. ಕಥಾ ಸಂಪಾದಕ ಡೇವಿಡ್ ವಿಟೇಕರ್ ಖಾಲಿ ವಾರಗಳನ್ನು ತುಂಬಲು ಬರೆದದ್ದು. ತಮ್ಮ ನೌಕೆಗೆ ಏನೋ ಆಗಿದೆ, ಒಬ್ಬರ ಮೇಲೊಬ್ಬರಿಗೆ ಅನುಮಾನ. ಮೇಷ್ಟರಿಬ್ಬರನ್ನು ಹೊರಹಾಕುತ್ತೇನೆಂದು ಡಾಕ್ಟರ್ ಬೆದರಿಸುತ್ತಾನೆ. ಆಗ ಬಾರ್ಬರಾ ಅವನ ಎದುರು ನಿಂತು, ನಾವಿಲ್ಲದಿದ್ದರೆ ನೀನು ಇಷ್ಟು ಹೊತ್ತಿಗೆ ಸತ್ತಿರುತ್ತಿದ್ದೆ ಎಂಬರ್ಥದಲ್ಲಿ ಝಾಡಿಸುತ್ತಾಳೆ. ಒಗಟನ್ನು ಬಿಡಿಸುವ ಎಳೆಯನ್ನು ಹಿಡಿಯುವವಳೂ ಅವಳೇ. ಕೊನೆಯಲ್ಲಿ ಮುದುಕ ಅವಳ ಬಳಿ ಬಂದು, ಕ್ಷಮೆ ಎಂಬ ಪದದ ಸುತ್ತಲೇ ಸುಳಿದಾಡಿ, ಕೋಟು ತೊಡಿಸಿ, ತೋಳು ನೀಡುತ್ತಾನೆ. ಇಂದು ನಾವು ಕಾಣುವ ಕರುಣಾಳು ಡಾಕ್ಟರ್ ಹುಟ್ಟಿದ್ದು ಆ ಐದು ನಿಮಿಷಗಳಲ್ಲಿ, ಹುಟ್ಟಿಸಿದವಳು ಒಬ್ಬ ಚರಿತ್ರೆ ಟೀಚರ್ ಎಂಬುದು ನನ್ನ ವಾದ. ಒಪ್ಪದವರು ‘ದಿ ಆಜ್ಟೆಕ್ಸ್’ ನೋಡಲಿ. ಅದರಲ್ಲಿ ದೇವತೆಯೆಂದು ಪೂಜೆಗೊಳ್ಳುವ ಬಾರ್ಬರಾ ನರಬಲಿಯನ್ನು ನಿಲ್ಲಿಸಲು ಹೊರಟು ಸೋಲುತ್ತಾಳೆ. ನಾಲ್ಕು ಕಂತಿನ ಭಾರವನ್ನು ಹಿಲ್ ಒಬ್ಬರೇ ಹೊತ್ತಿದ್ದಾರೆ.

ನಯಾಪೈಸೆ:

ಷಿಲಿಂಗ್ ವಿಷಯಕ್ಕೆ ಒಂದು ಮಾತು. ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ 1957ರ ಏಪ್ರಿಲ್ 1ರಂದೇ ಬಂದಿತ್ತು. ಅಂದಮೇಲೆ ಸೂಸನ್ ಕೋಲ್ ಹಿಲ್ ಬಿಟ್ಟು ನಮ್ಮೂರ ಶಾಲೆಗೆ ಸೇರಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ. ಆಣೆ ಲೆಕ್ಕ ಬಿಡದ ನಮ್ಮ ಅಜ್ಜಿಯೇ ಮಹಾ ಗೊಂದಲಗೊಂಡ ಅನ್ಯಗ್ರಹವಾಸಿಯಾಗಿದ್ದಳು. ಇನ್ನು ಈ ಧಾರಾವಾಹಿಯ ಹೆಸರನ್ನು ಕನ್ನಡದಲ್ಲಿ ಬರೆದಾಗಲೆಲ್ಲ ಯಾರೋ ಹೂವಿನ ವೈದ್ಯರು ಕಣ್ಣ ಮುಂದೆ ಬರುತ್ತಾರೆ, ಏನು ಮಾಡುವುದು! ಚರ್ಚೆ ಮುಂದುವರಿಯಲಿ.

ಮರದ ಪೆಟ್ಟಿಗೆ:

ತೆರೆಯ ಮೇಲಿನವರಷ್ಟೇ ಮೂಲ ತಂಡವಲ್ಲ, ಹಿಂದಿದ್ದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆನಡಾದಿಂದ ಬಂದ ಸಿಡ್ನಿ ನ್ಯೂಮನ್ ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರು. ಅವರು ನಿರ್ಮಾಣದ ಹೊಣೆ ಕೊಟ್ಟದ್ದು 27 ವರ್ಷದ ವೆರಿಟಿ ಲ್ಯಾಂಬರ್ಟ್ ಅವರಿಗೆ. ಆಗ ಆ ವಿಭಾಗದಲ್ಲಿ ನಿರ್ಮಾಪಕಿ ಎಂದಿದ್ದವರು ಅವರೊಬ್ಬರೇ. ಮೊದಲ ಕಥೆಯನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್, ವಯಸ್ಸು 24, ಹುಟ್ಟೂರು ಲಖನೌ, ತಾಯಿ ಲೇಖಕಿ ಅತಿಯಾ ಹುಸೇನ್. ಸೂಟುಬೂಟಿನ ಹಿರಿಯ ಗಂಡಸರ ಆ ಸಂಸ್ಥೆಯಲ್ಲಿ ಒಬ್ಬ ಯುವತಿ ಮತ್ತು ಒಬ್ಬ ಭಾರತೀಯ ಯುವಕ ಸೇರಿ, ಸೈನಿಕರ ಮತ್ತು ಪುಂಡರ ಪಾತ್ರಗಳಿಗೇ ಅಂಟಿಹೋಗಿದ್ದ 55ರ ಹಾರ್ಟ್‌ನೆಲ್ ಅವರ ಮನವೊಲಿಸಿದರು. ‘ದಿಸ್ ಸ್ಪೋರ್ಟಿಂಗ್ ಲೈಫ್’ ಚಿತ್ರದಲ್ಲಿ ಅವರು ಮಾಡಿದ್ದ ಮುರುಟಿದ ಮುದುಕನ ಸಣ್ಣ ಪಾತ್ರ ಲ್ಯಾಂಬರ್ಟ್ ಅವರ ಕಣ್ಣಿಗೆ ಬಿದ್ದಿತ್ತು.

ಮೊದಲ ಕಂತನ್ನು ಎರಡು ಸಲ ಮಾಡಿದರು ಎಂಬುದು ಈ ಚರ್ಚೆಗೆ ಬಹಳ ಮುಖ್ಯ. 1963ರ ಸೆಪ್ಟೆಂಬರ್ 27ರಂದು ಚಿತ್ರಿಸಿದ ಮೊದಲ ಆವೃತ್ತಿಯನ್ನು ನ್ಯೂಮನ್ ತಿರಸ್ಕರಿಸಿ ಮತ್ತೆ ಮಾಡಲು ಹೇಳಿದರು. ಪ್ರಸಾರವಾದದ್ದು ಅಕ್ಟೋಬರ್ 18ರದ್ದು. ತಿರಸ್ಕೃತ ಕಂತು ಉಳಿದಿದೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಹಳೆಯದರಲ್ಲಿ ನೌಕೆಯ ಬಾಗಿಲು ಮುಚ್ಚಲೊಲ್ಲದೆ ದಡಬಡಿಸುತ್ತದೆ, ಡಾಕ್ಟರ್ ಬರೀ ಕ್ರೂರಿ, ಸೂಸನ್ ತಾನು ನಲವತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದವಳು ಎನ್ನುತ್ತಾಳೆ. ಹೊಸದರಲ್ಲಿ ಬೇರೊಂದು ಕಾಲ, ಬೇರೊಂದು ಲೋಕ ಎಂದಷ್ಟೇ. ಹಾರ್ಟ್‌ನೆಲ್ ಅದೇ ಮಾತುಗಳಿಗೆ ಒಂದು ತುಂಟ ನಗೆ ಬೆರೆಸಿದ್ದಾರೆ. ಮೂರು ವಾರಗಳಲ್ಲಿ ಶತಮಾನದ ಲೆಕ್ಕವೂ ಹೋಯಿತು, ಆತ ಯಾರೆಂಬುದೂ ಮಸುಕಾಯಿತು. ಈ ಮಸುಕನ್ನು ನೆನಪಿಟ್ಟುಕೊಳ್ಳಿ, ಕಪ್ಪುಬಿಳುಪು ಅವರ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ ಎಂದು ನನ್ನ ಗುಮಾನಿ.

ಕಣ್ಣಿಗೆ ಕಾಣದ ನಟರೂ ಇದ್ದರು. ರಾನ್ ಗ್ರೇನರ್ ಬರೆದುಕೊಟ್ಟ ಶೀರ್ಷಿಕೆ ರಾಗವನ್ನು ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪಿನ ಡೀಲಿಯಾ ಡರ್ಬಿಶೈರ್ ಒಂದೊಂದು ಸ್ವರಕ್ಕೂ ಟೇಪಿನ ತುಂಡು ಕತ್ತರಿಸಿ ಅಂಟಿಸಿ ಕಟ್ಟಿದರು. ಅವರ ಹೆಸರು ಧಾರಾವಾಹಿಯ ಪರದೆಯ ಮೇಲೆ ಬರಲು 2013ರವರೆಗೆ ಕಾಯಬೇಕಾಯಿತು, ಅಷ್ಟರಲ್ಲಿ ಅವರೇ ಇರಲಿಲ್ಲ. ನೌಕೆ ಹೊರಡುವ ಏದುಸಿರಿನ ಸದ್ದು ಬ್ರಯಾನ್ ಹಾಜ್‌ಸನ್ ಹಳೆಯ ಪಿಯಾನೊದ ತಂತಿಯ ಮೇಲೆ ತಾಯಿಯ ಮನೆಯ ಬೀಗದ ಕೈ ಎಳೆದು ಪಡೆದದ್ದು. ನಮ್ಮವರಿಗೆ ಪ್ರಿಯವಾಗಬಹುದಾದ ಇನ್ನೊಂದು ಸಂಗತಿ: 1965ರ ‘ದಿ ಕ್ರುಸೇಡ್’ ಕಥೆಯ ಸಣ್ಣ ಪಾತ್ರವೊಂದರಲ್ಲಿ ನಮ್ಮ ಜೊಹ್ರಾ ಸೆಹಗಲ್ ಇದ್ದಾರೆ.

ಎಣ್ಣೆಡಬ್ಬಿ:

ಭಾವುಕತೆ ಸಾಕು. ಮೊದಲ ಕಂತನ್ನು ನೋಡಿದವರು ಸುಮಾರು 44 ಲಕ್ಷ. ಹಿಂದಿನ ದಿನವಷ್ಟೇ ಕೆನಡಿ ಹತ್ಯೆಯಾಗಿದ್ದರಿಂದ ಮುಂದಿನ ವಾರ ಅದನ್ನು ಮತ್ತೊಮ್ಮೆ ಹಾಕಬೇಕಾಯಿತು. ಫೆಬ್ರವರಿ ಹೊತ್ತಿಗೆ ಒಂದು ಕೋಟಿ ದಾಟಿದ್ದು ಟೆರಿ ನೇಷನ್ ಬರೆದ, ರೇಮಂಡ್ ಕ್ಯೂಸಿಕ್ ವಿನ್ಯಾಸ ಮಾಡಿದ ಡಾಲೆಕ್ ಎಂಬ ಶತ್ರುಗಳಿಂದ. ಧಾರಾವಾಹಿಯನ್ನು ಉಳಿಸಿದ್ದು ಉಪ್ಪಿನಡಬ್ಬಿಯಂತಹ ಆ ಯಂತ್ರಗಳೇ ಹೊರತು ನಿಮ್ಮ ನಾಲ್ವರು ನಟರಲ್ಲ.

ತುಂಗಾತೀರ:

ಸಂಖ್ಯೆ ನಿಜ, ತೀರ್ಮಾನ ಅವಸರದ್ದು. ಡಾಲೆಕ್ ಕಥೆ ಶುರುವಾದ ಡಿಸೆಂಬರ್ 21ರ ಕಂತಿನಲ್ಲಿ ಡಾಲೆಕ್ ಎಲ್ಲಿದೆ, ಹೇಳಿ ನೋಡೋಣ. ಬಾರ್ಬರಾ ಲೋಹದ ಊರಿನ ಓಣಿಗಳಲ್ಲಿ ಒಬ್ಬಳೇ ದಾರಿ ತಪ್ಪಿದ್ದಾಳೆ. ಹಿಂದೆ ಒಂದೊಂದೇ ಬಾಗಿಲು ಮುಚ್ಚುತ್ತದೆ. ಗೋಡೆ ತಡವುತ್ತಾಳೆ, ತಿರುಗುತ್ತಾಳೆ, ಕ್ಯಾಮೆರಾ ಅವಳತ್ತ ಹೋಗುತ್ತದೆ. ಪರದೆಯ ಅಂಚಿನಿಂದ ಮೇಲೇಳುವುದು ಬಚ್ಚಲ ತೂಬು ಕಟ್ಟಿದಾಗ ಒತ್ತುವ ರಬ್ಬರ್ ಬಟ್ಟಲಿನಂತಹ ಒಂದು ಕೈ; ಅದನ್ನು ಹಿಡಿದಿದ್ದವರು ಸ್ಟುಡಿಯೊ ಸಹಾಯಕರೊಬ್ಬರು. ಇಡೀ ಡಾಲೆಕ್ ಕಂಡದ್ದು ಒಂದು ವಾರದ ನಂತರ. ಆ ಏಳು ದಿನ ದೇಶದ ಮಕ್ಕಳು ಹೆದರಿದ್ದು ಜಾಕ್ವೆಲಿನ್ ಹಿಲ್ ಅವರ ಮುಖ ನೋಡಿ. ಬೆಟ್ಟದ ಕಂಬ ಅವರು ಹೇಳಿದ ಕೈಗವಸಿನ ಕಥೆಯೇ ಇಲ್ಲೂ ನಡೆದಿದೆ: ರಬ್ಬರ್ ಬಟ್ಟಲಿಗೆ ಜೀವ ಬರುವುದು ಎದುರಿಗಿರುವವರು ಅದನ್ನು ನಂಬಿದಾಗ.

ಎಣ್ಣೆಡಬ್ಬಿ:

ಅದನ್ನು ಒಪ್ಪಿದೆ. ಆದರೆ ಕ್ಯೂಸಿಕ್ ಅವರಿಗೆ ಅಷ್ಟು ದೊಡ್ಡ ಕೆಲಸಕ್ಕೆ ಬಿಬಿಸಿ ಕೊಟ್ಟದ್ದು ನೂರು ಪೌಂಡಿನ ಬಹುಮಾನ. ಅದನ್ನೂ ಯಾರಾದರೂ ಬರೆಯಬೇಕಿತ್ತು, ಬರೆದೆ.

ರಂಗದ ಹಿಂದೆ:

ಈಗ ಮೂಲ ಪ್ರಶ್ನೆಗೆ ಬರೋಣ. ನಾಲ್ವರು ಹೋದದ್ದು ಒಟ್ಟಿಗಲ್ಲ.

ಮೊದಲು ಹೋದವರು ಕ್ಯಾರೊಲ್ ಆನ್ ಫೋರ್ಡ್, 1964ರ ಡಿಸೆಂಬರ್ 26ರಂದು. ತನಗೆ ಹೇಳಿದ್ದ ಪಾತ್ರ ಬೇರೆ, ವಾರವಾರ ಕೊಟ್ಟದ್ದು ಕಿರುಚಾಟ ಎಂದು ಅವರು ಮುಂದೆ ಹಲವು ಸಲ ಹೇಳಿದ್ದಾರೆ, ನೋಡಿದವರಿಗೆ ಅದು ಸುಳ್ಳೆನ್ನಿಸುವುದಿಲ್ಲ. ಮೊಮ್ಮಗಳನ್ನು ಭೂಮಿಯಲ್ಲಿ ಬಿಟ್ಟು, ಬಾಗಿಲು ಹಾಕಿಕೊಂಡು, ಒಳಗಿನಿಂದ ಧ್ವನಿವರ್ಧಕದಲ್ಲಿ ಹಾರ್ಟ್‌ನೆಲ್ ಆಡುವ ವಿದಾಯದ ಮಾತು ಅವರ ಅತ್ಯುತ್ತಮ ನಟನೆ. 1965ರ ಜೂನ್ 26ರಂದು ರಸೆಲ್ ಮತ್ತು ಹಿಲ್ ಇಬ್ಬರೂ ಹೊರಟರು. ಇಯಾನ್ ಮತ್ತು ಬಾರ್ಬರಾ ಲಂಡನ್ನಿನ ಬೀದಿಗಳಲ್ಲಿ ನಗುತ್ತ ಕುಣಿಯುವುದನ್ನು ಸ್ತಬ್ಧಚಿತ್ರಗಳಲ್ಲಿ ತೋರಿಸುತ್ತಾರೆ. ನೌಕೆಯ ಪರದೆಯಲ್ಲಿ ಅದನ್ನು ನೋಡಿದ ಮುದುಕ, ಅವರನ್ನು ನೆನೆದು ಕೊರಗುತ್ತೇನೆ ಎನ್ನುತ್ತಾನೆ. ಅದೇ ವರ್ಷ ಲ್ಯಾಂಬರ್ಟ್ ಕೂಡ ಬೇರೆ ಕೆಲಸಕ್ಕೆ ಹೋದರು. ಮೂಲ ತಂಡದಲ್ಲಿ ಉಳಿದದ್ದು ಹಾರ್ಟ್‌ನೆಲ್ ಮಾತ್ರ. ರಕ್ತನಾಳಗಳು ಗಡುಸಾಗುವ ಕಾಯಿಲೆ ನೆನಪನ್ನು ತಿನ್ನುತ್ತಿತ್ತು, ಹೊಸ ನಿರ್ಮಾಪಕರೊಂದಿಗೆ ಹೊಂದಾಣಿಕೆ ಇರಲಿಲ್ಲ.

ಇಲ್ಲಿ ಟೇಟ್ ಅವರ ಪ್ರಸಂಗ ನೆನಪಿಸಿಕೊಳ್ಳಿ. ಕ್ವಾಟರ್‌ಮಾಸ್‌ಗೆ ಹೆಸರಿದೆ, ಹುದ್ದೆಯಿದೆ, ಆತ ನಮ್ಮಂತೆಯೇ ಮುಪ್ಪಾಗುವ ಮನುಷ್ಯ. ಅಂಥವನ ಮುಖ ಬದಲಾದರೆ ಕಥೆ ಸುಮ್ಮನಿರಬೇಕಷ್ಟೇ, ವಿವರಣೆಗೆ ದಾರಿಯೇ ಇಲ್ಲ. ಎರಡು ವರ್ಷದ ಅಂತರವೂ ಇದ್ದುದರಿಂದ ನಡೆದುಹೋಯಿತು. ಡಾಕ್ಟರ್ ವಿಷಯ ಹಾಗಲ್ಲ. ವಾರವಾರ ಮನೆಗೆ ಬರುವ ಮುಖ, ಸುಮ್ಮನಿದ್ದರೆ ಮಕ್ಕಳು ಬಿಡುವುದಿಲ್ಲ. ಆದರೆ ಮರದ ಪೆಟ್ಟಿಗೆ ಅವರು ಹೇಳಿದ ಆ ಮಸುಕು ಇತ್ತು. ಹೆಸರಿಲ್ಲ, ಊರಿಲ್ಲ, ಎಂಥ ಜೀವಿ ಎಂದು ಯಾರಿಗೂ ಗೊತ್ತಿಲ್ಲ. ಮೂರು ವರ್ಷ ಹಾರ್ಟ್‌ನೆಲ್ ಆ ಗುಟ್ಟನ್ನು ಬಿಟ್ಟುಕೊಡದೆ ಅಭಿನಯಿಸಿದ್ದರು. ಆದ್ದರಿಂದ ನಿರ್ಮಾಪಕ ಇನ್ಸ್ ಲಾಯ್ಡ್ ಮತ್ತು ಕಥಾ ಸಂಪಾದಕ ಜೆರಿ ಡೇವಿಸ್ ಅವರಿಗೆ, ಆತನ ದೇಹವೇ ಬದಲಾಗುತ್ತದೆ ಎನ್ನಲು ಯಾವ ಅಡ್ಡಿಯೂ ಬರಲಿಲ್ಲ. 1966ರ ಅಕ್ಟೋಬರ್ 29ರಂದು ‘ದಿ ಟೆಂತ್ ಪ್ಲಾನೆಟ್’ ಕಥೆಯ ಕೊನೆಯಲ್ಲಿ ಹಾರ್ಟ್‌ನೆಲ್ ನೆಲಕ್ಕೆ ಬೀಳುತ್ತಾರೆ, ಮುಖ ಬೆಳಕಿನಲ್ಲಿ ಕರಗುತ್ತದೆ, ಅಲ್ಲಿ ಪ್ಯಾಟ್ರಿಕ್ ಟ್ರೌಟನ್. ಇಂದು ಎಲ್ಲರ ಬಾಯಲ್ಲಿರುವ ‘ರೀಜನರೇಷನ್’ ಎಂಬ ಪದ ಆಗ ಇರಲಿಲ್ಲ, ಅದು ಬಂದದ್ದು 1974ರಲ್ಲಿ. ಆ ಕಂತೂ ಕಳೆದುಹೋಗಿದೆ. ಮುಖ ಬದಲಾಗುವ ತುಣುಕು ಮಾತ್ರ ಮಕ್ಕಳ ಕಾರ್ಯಕ್ರಮ ‘ಬ್ಲೂ ಪೀಟರ್’ ಅದನ್ನು ಬಳಸಿಕೊಂಡಿದ್ದರಿಂದ ಉಳಿಯಿತು.

ಮುಂದಿನ ಕಥೆ ‘ದಿ ಪವರ್ ಆಫ್ ದ ಡಾಲೆಕ್ಸ್’ನಲ್ಲಿ ಜೊತೆಗಾರ ಬೆನ್ ಹೊಸಬನನ್ನು ನಂಬುವುದಿಲ್ಲ. ಹಳೆಯ ಡಾಕ್ಟರನ ಕಲ್ಲಿನ ಉಂಗುರವನ್ನು ಅವನ ಬೆರಳಿಗೆ ಹಾಕಿ ನೋಡುತ್ತಾನೆ; ಅದು ಸಡಿಲವಾಗಿ ಜಾರುತ್ತದೆ. ರೆಕ್ಕೆ ಬಿಚ್ಚಿದ ಚಿಟ್ಟೆಗೆ ಹಳೆಯ ಗೂಡು ಹಿಡಿಸುತ್ತದೆಯೇ ಎಂದು ಟ್ರೌಟನ್ ಮರುಪ್ರಶ್ನೆ ಹಾಕುತ್ತಾರೆ. ಕೊನೆಗೆ ಈತನೇ ಡಾಕ್ಟರ್ ಎಂದು ಗುರುತಿಸುವುದು ಒಂದು ಡಾಲೆಕ್. ಎಣ್ಣೆಡಬ್ಬಿಯವರು ಸಂತೋಷಪಡಬಹುದು.

ಕಪ್ಪುಬಿಳುಪು:

ಉಂಗುರದ ವಿಷಯ ನನಗೆ ತಿಳಿದಿರಲಿಲ್ಲ. ನಿನ್ನೆ ರಾತ್ರಿಯೇ ಆ ಕಥೆಯ 2016ರ ಅನಿಮೇಷನ್ ಆವೃತ್ತಿ ನೋಡಿದೆ. ಮೂಲದ ಆರೂ ಕಂತು ಕಳೆದುಹೋಗಿದ್ದು, ಅಂದು ಯಾರೋ ಮನೆಯಲ್ಲಿ ಧ್ವನಿಮುದ್ರಿಸಿಕೊಂಡಿದ್ದ ಮಾತುಗಳ ಮೇಲೆ ಚಿತ್ರ ಬರೆದಿದ್ದಾರೆ. ಒಂದು ಪ್ರಶ್ನೆ ಉಳಿಯಿತು. ಮೂಲದ ನಾಲ್ವರೂ ಮುಂದೆಂದಾದರೂ ಮರಳಿ ಬಂದರೇ?

ಬೆಟ್ಟದ ಕಂಬ:

ಬಂದರು, ಒಬ್ಬೊಬ್ಬರಾಗಿ. ಜಾಕ್ವೆಲಿನ್ ಹಿಲ್ 1980ರಲ್ಲಿ ಬೇರೆಯೇ ಪಾತ್ರವೊಂದರಲ್ಲಿ ಬಂದು, 1993ರಲ್ಲಿ ತೀರಿಕೊಂಡರು. ರಸೆಲ್ 2022ರ ಅಕ್ಟೋಬರ್‌ನಲ್ಲಿ, 57 ವರ್ಷಗಳ ನಂತರ, 97ರ ವಯಸ್ಸಿನಲ್ಲಿ ಇಯಾನ್ ಆಗಿಯೇ ಕೆಲವು ಕ್ಷಣ ಕಾಣಿಸಿಕೊಂಡರು. 2024ರ ಜೂನ್‌ನಲ್ಲಿ ಹೋದರು. ಫೋರ್ಡ್ 1983ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಸೂಸನ್ ಆದರು.

ಹಾರ್ಟ್‌ನೆಲ್ ಮರಳಿದ್ದು ಹತ್ತನೆಯ ವರ್ಷದ ‘ದಿ ತ್ರೀ ಡಾಕ್ಟರ್ಸ್’ ಕಥೆಗೆ. ಅದು 1972ರ ಡಿಸೆಂಬರ್ 30ರಂದು ಶುರುವಾಯಿತು. ಆರೋಗ್ಯ ತೀರಾ ಕೆಟ್ಟಿತ್ತು. ಉಳಿದಿಬ್ಬರು ಡಾಕ್ಟರ್‌ಗಳೊಂದಿಗೆ ಓಡಾಡಿಸಲು ಬರೆದಿದ್ದ ಪಾತ್ರವನ್ನು ಬದಲಿಸಿ, ಅವರೊಬ್ಬರನ್ನೇ ಕೂರಿಸಿ, ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದ ಹಲಗೆ ಎದುರಿಗೆ ಹಿಡಿದು ಚಿತ್ರಿಸಿಕೊಂಡರು. ಕಥೆಯಲ್ಲಿ ಅವರು ಕಾಣುವುದು ನೌಕೆಯ ಗೋಡೆಯ ಟಿವಿ ಪರದೆಯೊಳಗೆ. ತನ್ನ ಜಾಗಕ್ಕೆ ಬಂದ ಟ್ರೌಟನ್ ಮತ್ತು ಜಾನ್ ಪರ್ಟ್‌ವೀ ಇಬ್ಬರನ್ನೂ ಅಲ್ಲಿಂದಲೇ ಮೇಲಿಂದ ಕೆಳಗೆ ನೋಡಿ, ಒಬ್ಬ ಶೋಕಿಲಾಲ, ಇನ್ನೊಬ್ಬ ವಿದೂಷಕ ಎಂದು ತೀರ್ಪು ಕೊಟ್ಟು, ಇಬ್ಬರಿಗೂ ಕೆಲಸ ಹೇಳುತ್ತಾರೆ. ಇಬ್ಬರೂ ಎದುರು ಮಾತಾಡದೆ ಕೇಳುತ್ತಾರೆ.